ನಾಲ್ಕು ತಾಲ್ಲೂಕಿನ ಬೀಗದಕೈ

ಚನ್ನಗಿರಿ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ನಿಂಗರಾಜನನ್ನು ಕೆಟ್ಟವನು ಎಂದು ಯಾರೂ ಹೇಳಲಾರರು. ಹಾಗೆ ಹೇಳುವಂತಿದ್ದರೆ ಅವನ ಕತೆ ಹೇಳುವುದು ನನಗೂ ಸುಲಭವಾಗುತ್ತಿತ್ತು. ಕೆಟ್ಟವರ ಕತೆಗೆ ಏನು ಬೇಕು? ಎರಡು ಬೈದು ಮುಗಿಸಬಹುದು. ಒಳ್ಳೆಯ ಹೆಸರು ಉಳಿಸಿಕೊಳ್ಳಲು ಹೋಗಿ ಮನುಷ್ಯ ಮಾಡುವ ಕೆಲಸವಿದೆಯಲ್ಲ, ಅದಕ್ಕೆ ಬೈಗುಳ ಸಾಲುವುದಿಲ್ಲ.

ಉಬ್ರಾಣಿಯಿಂದ ಬಂದವನು. ಓದಿದ್ದು ಕಾಮರ್ಸು, ಕಲಿತದ್ದೆಲ್ಲ ಕೆಟ್ಟ ಯಂತ್ರಗಳನ್ನು ಬಿಚ್ಚಿ. ಹೊನ್ನಾಳಿಯ ವಕೀಲರ ಆಫೀಸಿನಲ್ಲಿ ಪ್ರಿಂಟು ಕೊಟ್ಟದ್ದು ಪ್ರಿಂಟರಿಗೆ ಹೋಗದೆ ಸಾಲುಗಟ್ಟಿ ನಿಂತಿತೆಂದರೆ ನಿಂಗರಾಜನಿಗೆ ಫೋನು. ನ್ಯಾಮತಿಯ ಶಾಲೆಯಲ್ಲಿ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಯಿತೆಂದರೆ ನಿಂಗರಾಜನಿಗೆ ಫೋನು. ಬೈಕಿನಲ್ಲೋ ಬಸ್ಸಿನಲ್ಲೋ ಬರುತ್ತಿದ್ದ. ಯಾರನ್ನೂ ದಡ್ಡರೆಂದು ಹಂಗಿಸುತ್ತಿರಲಿಲ್ಲ. "ನಾನಿದೀನಲ್ರಿ, ಯಾಕ್ ಹೆದರ್ತೀರಿ" ಎನ್ನುವುದು ಅವನ ಬಾಯಿಪಾಠದ ಮಾತು. ಆ ಮಾತಿನ ರುಚಿ ಅವನಿಗೇ ಸ್ವಲ್ಪ ಹೆಚ್ಚಾಗಿ ಹತ್ತಿತ್ತು.

ನಮ್ಮ ಕಡೆ ಲ್ಯಾಪ್‌ಟಾಪನ್ನು ಸುಮ್ಮನೆ ತೆರೆಯುವುದಿಲ್ಲ. ಒಳ್ಳೆ ದಿನ ನೋಡಿ, ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಕಾಯಿ ಒಡೆದು ಆಮೇಲೆ ಗುಂಡಿ ಒತ್ತುತ್ತಾರೆ. ಗುಂಡಿ ಒತ್ತಿದ ಕೂಡಲೇ ಆ ಯಂತ್ರ ಮೇಲ್ ಐಡಿ ಕೇಳುತ್ತದೆ. ಯಾರ ಹತ್ತಿರ ಇದೆ ಮೇಲ್ ಐಡಿ? ಇದ್ದರೂ ಪಾಸ್‌ವರ್ಡ್ ಯಾರಿಗೆ ನೆನಪಿದೆ? ಮನೆಮಂದಿಯೆಲ್ಲ ಸುತ್ತ ನಿಂತಿರುತ್ತಾರೆ.

"ನಿಂದೇ ಹಾಕಪ್ಪ. ರಾಹುಕಾಲ ಬರೋದ್ರೊಳಗೆ ಆನ್ ಆಗ್ಬೇಕು" ಎಂದು ಯಾರೋ ಹಿರಿಯರು ಅವಸರ ಮಾಡುತ್ತಾರೆ.

ನಿಂಗರಾಜ ತನ್ನ ಅಂಗಡಿಯ ಮೇಲ್ ಹಾಕುತ್ತಿದ್ದ. ಮೊದಲು ಒಬ್ಬರದು, ಆಮೇಲೆ ಇನ್ನೊಬ್ಬರದು, ಹೀಗೆ ವರ್ಷಗಳಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಾಲ್ಕೂ ತಾಲ್ಲೂಕಿನ ಲ್ಯಾಪ್‌ಟಾಪುಗಳು ಅವನೊಬ್ಬನ ಅಕೌಂಟಿಗೆ ಬಂದು ಕೂತವು. ಈಗಿನ ಲ್ಯಾಪ್‌ಟಾಪುಗಳ ಡಿಸ್ಕಿಗೆ ಒಳಗಿನಿಂದ ಬೀಗ ಬಿದ್ದಿರುತ್ತದೆ. ದಿನವೂ ತಾನಾಗಿಯೇ ತೆರೆದುಕೊಳ್ಳುವುದರಿಂದ ಬೀಗವಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಏನಾದರೂ ಏರುಪೇರಾದಾಗ ಮಾತ್ರ ನೀಲಿ ಪರದೆ ಬಂದು ಉದ್ದನೆಯ ಸಂಖ್ಯೆಯೊಂದನ್ನು ಕೇಳುತ್ತದೆ. ಯಾರ ಮೇಲ್‌ನಲ್ಲಿ ಲ್ಯಾಪ್‌ಟಾಪ್ ಶುರುವಾಗಿತ್ತೋ ಅವರ ಅಕೌಂಟಿನಲ್ಲಿ ಆ ಸಂಖ್ಯೆ, ಅಂದರೆ ಬೀಗದಕೈ, ಇರುತ್ತದೆ. ಇದು ನಿಂಗರಾಜನಿಗೆ ಗೊತ್ತಿತ್ತು. ಗೊತ್ತಿದ್ದೂ ಒಬ್ಬರಿಗೂ ಅವರವರ ಬೀಗದಕೈ ಬರೆದು ಕೊಟ್ಟಿರಲಿಲ್ಲ. ಊರವರ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವುದರಲ್ಲಿ ಒಂದು ಹಿತವಿರುತ್ತದೆ, ಸುಳ್ಳು ಯಾಕೆ ಹೇಳಬೇಕು?

ಜಗಳೂರಿನ ಅನ್ನಪೂರ್ಣಳ ಲ್ಯಾಪ್‌ಟಾಪೂ ಹಾಗೆಯೇ ಶುರುವಾದದ್ದು. ಆಕೆ ಅಲ್ಲಿ ಹೆಣ್ಣುಮಕ್ಕಳಿಗೆ ಟೈಪಿಂಗ್, ಕಂಪ್ಯೂಟರ್ ಹೇಳಿಕೊಡುತ್ತಾಳೆ. ಉಳಿದ ಹೊತ್ತಿನಲ್ಲಿ ತಾನೇ ಕೂತು ಕುರಿ ಸಾಕುವವರಿಗಾಗಿ ಒಂದು ಪ್ರೋಗ್ರಾಮ್ ಬರೆಯುತ್ತಿದ್ದಳು. ಯಾವ ಮರಿ ಯಾವ ತಾಯಿಯದು, ಯಾವ ಟಗರಿನದು, ಯಾವುದಕ್ಕೆ ಲಸಿಕೆ ಬಿದ್ದಿದೆ, ಎಲ್ಲ ಕನ್ನಡದಲ್ಲಿ. ಕುರಿಗಳಿಗೆ ನಂಬರು ಕೊಟ್ಟರೆ ಸಾಕುವವರು ಅದನ್ನು ಮುಟ್ಟುವುದಿಲ್ಲ ಎಂದು ಆಕೆಗೆ ಗೊತ್ತಿತ್ತು. ಕುರಿ ಕಾಯ್ದೇ ಮುದುಕಿಯಾದ ಓಬವ್ವನಂಥ ಹಳಬರ ಹಟ್ಟಿಗೆ ಹೋಗಿ, ಮೋರೆ, ಕಿವಿ, ಬಣ್ಣ, ನಡಿಗೆ ನೋಡಿ ಅವರು ಕುರಿಯನ್ನು ಹೇಗೆ ಗುರುತಿಸುತ್ತಾರೋ ಆ ಮಾತುಗಳನ್ನೇ ತಂದು ಪ್ರೋಗ್ರಾಮಿನೊಳಗೆ ಇಟ್ಟಿದ್ದಳು. ವರ್ಷಗಟ್ಟಲೆಯ ಕೆಲಸ. ತಿಳಿಯದ ಕಡೆ ನಿಂಗರಾಜನಿಗೇ ಫೋನು ಮಾಡುತ್ತಿದ್ದಳು. ಅವನಿಗೂ ಪ್ರೋಗ್ರಾಮಿಂಗ್ ಅಷ್ಟಕ್ಕಷ್ಟೇ. ಆದರೂ ಇಬ್ಬರೂ ಸೇರಿ ತಪ್ಪು ಹುಡುಕುತ್ತಿದ್ದರು, ಸಿಕ್ಕಾಗ ಮಕ್ಕಳ ಹಾಗೆ ಖುಷಿಪಡುತ್ತಿದ್ದರು. ಕುರಿಗಾರರ ಸಂಘವೊಂದು ಪ್ರೋಗ್ರಾಮ್ ತೋರಿಸಿ ಎಂದು ಕರೆದಿತ್ತು. ಚೆನ್ನಾಗಿದ್ದರೆ ತಾಲ್ಲೂಕಿಗೆಲ್ಲ ಹಾಕಿಕೊಳ್ಳುತ್ತೇವೆ ಎಂದಿತ್ತು.

ಆ ಸಭೆಗೆ ಒಂದು ವಾರ ಇರುವಾಗ ಅನ್ನಪೂರ್ಣ ಫೋನು ಮಾಡಿದಳು.

"ನಿಂಗರಾಜಣ್ಣ, ಅಪ್‌ಡೇಟ್ ಆಗೋವಾಗ ಕರೆಂಟ್ ಹೋಯ್ತು. ಬ್ಯಾಟ್ರಿ ಮೊದ್ಲೇ ನಿಲ್ತಿರ್ಲಿಲ್ಲ. ಈಗ ನೀಲಿ ಪರದೆ ಬಂದು ಅದೇನೋ ಕೀ ಕೇಳ್ತೈತೆ."

"ಅಷ್ಟೇನಾ? ಕೀ ನನ್ ಹತ್ರ ಐತೆ ಬಿಡ್ರಿ, ಬರ್ತೀನಿ" ಎಂದು ನಕ್ಕು ಫೋನಿಟ್ಟ.

ಅಂಗಡಿಯಲ್ಲೇ ಕೂತು ಅಕೌಂಟ್ ತೆರೆಯಲು ಹೋದ. ಕೀ ತೋರಿಸುವ ಮೊದಲು ಅದು ಅವನ ಫೋನಿಗೆ ಒಂದು ಕೋಡ್ ಕಳಿಸುತ್ತೇನೆ ಎಂದಿತು. ಅಲ್ಲಿ ತೋರಿಸಿದ ಫೋನ್ ನಂಬರಿನ ಕೊನೆಯ ಎರಡು ಅಂಕಿಯನ್ನು ನಿಂಗರಾಜ ಮತ್ತೊಮ್ಮೆ ನೋಡಿದ. ಅದು ಅಂಗಡಿಯ ಹಳೆಯ ನಂಬರು. ಬೇರೆ ಸಿಮ್ ತಗೊಂಡ ಮೇಲೆ ಅದನ್ನು ಮೂಲೆಗೆಸೆದು ಮರೆತಿದ್ದ. ಆ ನಂಬರಿಗೇ ಫೋನು ಹಚ್ಚಿದ. ಕಂಪನಿಯವರು ಅದನ್ನು ಬೇರೆಯವರಿಗೆ ಕೊಟ್ಟಾಗಿತ್ತು; ಎಲ್ಲೋ ಯಾರೋ ಎತ್ತಿದರು, ವಯಸ್ಸಾದ ದನಿ.

"ಯಜಮಾನ್ರೇ, ನಿಮ್ ಫೋನಿಗೆ ಒಂದು ನಂಬರ್ ಬಂದಿರ್ತೈತೆ, ಸ್ವಲ್ಪ ಓದಿ ಹೇಳ್ತೀರಾ?"

"ಓಟಿಪಿ ತಾನೇ? ನನ್ ಮಗ ಹೇಳ್ಯಾನೆ, ಹಿಂಗೆ ಕೇಳೋರೆಲ್ಲ ಕಳ್ರು ಅಂತ. ಇಡಲೇ ಫೋನು!"

ತಪ್ಪು ಆ ಮುದುಕನದಲ್ಲ. ಬೀಗದಕೈ ಕೊಡುವವರ ತಪ್ಪೂ ಅಲ್ಲ. ನಂಬರು ಬದಲಿಸಬೇಕೆಂದರೆ ಅರ್ಜಿ ಹಾಕಿ ಒಂದು ತಿಂಗಳು ಕಾಯಬೇಕು ಎಂದು ಅಕೌಂಟಿನಲ್ಲಿ ಸ್ಪಷ್ಟವಾಗಿ ಹೇಳಿತ್ತು. ಕಳ್ಳ ನುಗ್ಗಬಾರದೆಂದು ಮಾಡಿದ ನಿಯಮ. ನಿಂಗರಾಜ ಅರ್ಜಿ ಹಾಕಿದ. ಈಗ ಅವನು ಮಾಡಬೇಕಾಗಿದ್ದದ್ದು ಒಂದೇ. ಜಗಳೂರಿಗೆ ಹೋಗಿ, "ತಂಗೀ, ನಿನ್ನ ಬೀಗದಕೈ ನನ್ನ ಹೆಸರಲ್ಲಿಟ್ಟು ಕಳಕೊಂಡೆ, ಒಂದು ತಿಂಗಳು ತಾಳು, ಬರುತ್ತದೆ" ಎನ್ನುವುದು. ಸಂಘದ ಸಭೆ ತಪ್ಪುತ್ತಿತ್ತು, ಪ್ರೋಗ್ರಾಮ್ ಉಳಿಯುತ್ತಿತ್ತು.

ದಾರಿಯುದ್ದಕ್ಕೂ ಆ ಮಾತನ್ನೇ ಜೋಡಿಸಿಕೊಂಡು ಹೋದ. ಮನೆಗೆ ಹೋದರೆ ಅನ್ನಪೂರ್ಣ ಲ್ಯಾಪ್‌ಟಾಪನ್ನು ಮುಂದಿಟ್ಟಳು. ಪಕ್ಕದಲ್ಲಿ ಆಕೆಯ ಅತ್ತೆ ಬಂಗಾರಮ್ಮ ಕೂತಿದ್ದರು.

"ನಿಂಗರಾಜಣ್ಣ ಬಂದ್ನಲ್ಲ, ಇನ್ನೇನ್ ಚಿಂತಿಲ್ಲ ಬಿಡವ್ವ" ಎಂದರು ಬಂಗಾರಮ್ಮ.

ಆ ಒಂದು ಮಾತು ಕೇಳಿ ಅವನು ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡ. ಕೀಬೋರ್ಡಿನ ಮೇಲೆ ಸುಮ್ಮನೆ ಏನೇನೋ ಒತ್ತಿದ, ಬಂದ್ ಮಾಡಿದ, ಮತ್ತೆ ಹಚ್ಚಿದ. ಅನ್ನಪೂರ್ಣ ಬಹಳ ಹೊತ್ತು ನೋಡಿ ಕೇಳಿದಳು:

"ಆಗ್ದಿದ್ರೆ ದಾವಣಗೆರೆಗೆ ತಗೊಂಡ್ ಹೋಗ್ಲಾ ಅಣ್ಣ? ಅಲ್ಲಿ ಹೆಂಗಾದ್ರೂ ಡಾಟಾ ತೆಗಿಯೋರು ಇದಾರಂತೆ."

ಆ ನೀಲಿ ಪರದೆಯ ಮೇಲೆ ಅಂಗಡಿಯ ಮೇಲ್‌ನ ಮೊದಲ ಅಕ್ಷರಗಳು ಕಾಣುತ್ತಿದ್ದವು. ದಾವಣಗೆರೆಯವರು ಮೊದಲು ಕೇಳುವುದೇ ಅದನ್ನು: ಇದು ಯಾರ ಅಕೌಂಟು? ಅಲ್ಲಿ ಇವನ ಹೆಸರು ಬರುತ್ತದೆ. ಇಷ್ಟು ವರ್ಷ ಎಲ್ಲರ ಲ್ಯಾಪ್‌ಟಾಪನ್ನೂ ತನ್ನ ಹೆಸರಿಗೆ ಮಾಡಿಕೊಂಡಿದ್ದ ಎಂದು ಊರೂರಿಗೆ ಸುದ್ದಿಯಾಗುತ್ತದೆ. ಮನುಷ್ಯ ಮರ್ಯಾದೆಗೆ ಹೆದರಿದಾಗ ಅವನ ಬಾಯಿ ಅವನಿಗಿಂತ ಚುರುಕಾಗುತ್ತದೆ.

"ದಾವಣಗೆರೆಗೆ ಹೋದ್ರೂ ಅಷ್ಟೇ ರೀ. ಕರೆಂಟ್ ಹೋದಾಗ ಒಳಗಿನ ಫೈಲೆಲ್ಲ ಕರಪ್ಟ್ ಆಗ್ಯಾವೆ. ಅದಕ್ಕೇ ಈ ಪರದೆ ಬರೋದು. ನನ್ ಹತ್ರ ಇದ್ದ ಕೀನೂ ಹಾಕಿ ನೋಡ್ದೆ, ತೆಗಿಯಾಕೆ ಬರಲ್ಲ. ಫಾರ್ಮ್ಯಾಟ್ ಹೊಡೆದ್ರೆ ಲ್ಯಾಪ್‌ಟಾಪ್ ಆದ್ರೂ ಉಳಿತೈತೆ."

ಅನ್ನಪೂರ್ಣ ಅಳಲಿಲ್ಲ. ಸೆರಗಿನ ತುದಿಯಿಂದ ಪರದೆಯ ಮೇಲಿನ ಧೂಳು ಒರೆಸಿದಳು.

"ಪೆನ್‌ಡ್ರೈವ್‌ನಾಗೆ ಇರೋದು ಮೊದ್ಲ ವರ್ಷದ್ದು ಅಷ್ಟೇ. ಬೇರೆ ದಾರಿನೇ ಇಲ್ವಾ ಅಣ್ಣ?"

ದಾರಿ ಇತ್ತು. ಚನ್ನಗಿರಿಯ ಅಂಗಡಿಯಲ್ಲಿ ಅರ್ಜಿಯಾಗಿ ಬಿದ್ದುಕೊಂಡಿತ್ತು.

"ಇಲ್ಲ ರೀ" ಎಂದ ನಿಂಗರಾಜ.

"ನಿಮ್ ಕೈಲೇ ಆಗ್ಲಿಲ್ಲ ಅಂದ್ಮೇಲೆ ಇನ್ಯಾರ್ ಕೈಲಿ ಆಗ್ತೈತೆ. ಹೊಡೀರಿ."

ಹೊಡೆದ. ಇದ್ದದ್ದನ್ನೆಲ್ಲ ಅಳಿಸಿ, ಡಿಸ್ಕನ್ನು ಬೋಳು ಮಾಡಿ, ಹೊಸ ವಿಂಡೋಸ್ ಹಾಕಿದ. ಓಬವ್ವನ ಹಟ್ಟಿಯಿಂದ ತಂದ ಮಾತುಗಳೂ ಹೋದವು, ಇಬ್ಬರೂ ಕೂತು ಹುಡುಕಿದ ತಪ್ಪುಗಳೂ ಒಪ್ಪುಗಳೂ ಹೋದವು. ಹೊರಡುವಾಗ ಬಂಗಾರಮ್ಮ ಚಹಾ ಕೊಟ್ಟರು. ಬೇಡವೆನ್ನಲು ಕಾರಣ ಸಿಗದೆ ಕುಡಿದ.

ಅದಾಗಿ ಸ್ವಲ್ಪ ದಿನಕ್ಕೆ ಹೊನ್ನಾಳಿಯ ಜಹಾಂಗೀರ್ ಬಂದ. ಫೋಟೋ ಸ್ಟುಡಿಯೋದವನು, ನಿಂಗರಾಜನ ಹಳೆಯ ದೋಸ್ತಿ. ಲ್ಯಾಪ್‌ಟಾಪಿನ ಸೆಟ್ಟಿಂಗ್‌ನಲ್ಲಿ ಏನೋ ಕೈಯಾಡಿಸಿ ಅದೇ ನೀಲಿ ಪರದೆ ತರಿಸಿಕೊಂಡಿದ್ದ. ಎರಡು ಮದುವೆಗಳ ವಿಡಿಯೋ ಒಳಗೆ ಸಿಕ್ಕಿಕೊಂಡಿತ್ತು. ದೋಸ್ತಿಯ ಮುಂದೆ ಎಂಥ ಮರ್ಯಾದೆ? ನಿಂಗರಾಜ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ನಿನ್ ಬುದ್ಧಿಗಿಷ್ಟು! ನನ್ ಲ್ಯಾಪ್‌ಟಾಪಿನ ಚಾವಿ ನಿನ್ ಹತ್ರ ಯಾಕಿತ್ತಲೇ? ಇಟ್ಕೊಂಡೋನು ಸಿಮ್ ಯಾಕ್ ಎಸೆದಿ?" ಜಹಾಂಗೀರ್ ರಸ್ತೆಗೆ ಕೇಳುವಂತೆ ಕೂಗಾಡಿದ. ಬಾಯಿಗೆ ಬಂದದ್ದೆಲ್ಲ ಬೈದ. ಮದುವೆ ಮನೆಯವರಿಗೆ ಏನು ಹೇಳಲಿ ಎಂದು ಮೇಜು ಗುದ್ದಿದ. ಕೊನೆಗೆ ಚಹಾ ತರಿಸಿ, "ತಿಂಗಳು ತಾನೇ, ಕಾಯ್ತೀನಿ. ಅದನ್ನ ಮುಟ್ಟಬೇಡ" ಎಂದು ಎದ್ದು ಹೋದ. ಒಟ್ಟು ಶಿಕ್ಷೆ ಅಷ್ಟೇ. ಇಷ್ಟಕ್ಕೆ ಹೆದರಿದ್ದೆನಾ ಎಂದು ನಿಂಗರಾಜನಿಗೆ ಆವತ್ತು ತನ್ನ ಮೇಲೇ ಹೇಸಿಗೆಯಾಯಿತು.

ತಿಂಗಳು ತುಂಬಿತು. ಅಕೌಂಟ್ ತೆರೆಯಿತು. ಬೀಗದಕೈಗಳೆಲ್ಲ ಹೆಸರಿನ ಸಮೇತ ಸಾಲಾಗಿ ಬಂದವು. ಜಹಾಂಗೀರನ ಸಂಖ್ಯೆಯನ್ನು ನೋಡಿ ಒತ್ತಿದ, ನೀಲಿ ಪರದೆ ಹೋಗಿ ಮದುವೆಗಳು ಈಚೆ ಬಂದವು. ಜಹಾಂಗೀರ್ ಅಪ್ಪಿಕೊಂಡ. ಅವನು ಹೋದ ಮೇಲೆ ನಿಂಗರಾಜ ಪಟ್ಟಿಯನ್ನು ಕೆಳಗೆ ಸರಿಸಿದ. 'ಅನ್ನಪೂರ್ಣ ಜಗಳೂರು' ಎಂದಿತ್ತು, ತಾನೇ ಇಟ್ಟ ಹೆಸರು. ಮುಂದೆ ಸಂಖ್ಯೆ ಪೂರ್ತಿಯಾಗಿ, ಒಂದು ಅಂಕಿಯೂ ತಪ್ಪದೆ ಇತ್ತು. ಮನೆಯನ್ನೇ ಕೆಡವಿ ಬಂದವನಿಗೆ ಆ ಮನೆಯ ಬೀಗದಕೈ ಸಿಕ್ಕಿತ್ತು.

ಎರಡು ದಿನ ಅವನಿಗೆ ಊಟ ಸೇರಲಿಲ್ಲ. ಹೆಂಡತಿ ಸುನೀತಾ ಕಾರಣ ಕೇಳಿದರೆ ಸಿಡುಕಿದ. ಮೂರನೇ ದಿನ, ಹೇಳಿಬಿಡುತ್ತೇನೆ, ಬೈದರೆ ಬೈಯಲಿ, ಕಾಲು ಹಿಡಿಯುತ್ತೇನೆ ಎಂದು ನಿಶ್ಚಯಿಸಿ ಜಗಳೂರಿನ ಬಸ್ಸು ಹತ್ತಿದ.

ಅನ್ನಪೂರ್ಣ ತರಗತಿಯಲ್ಲಿದ್ದಳು. ಬಾಗಿಲಲ್ಲಿ ಇವನನ್ನು ಕಂಡು ಮುಖ ಅರಳಿಸಿ ಒಳಗೆ ಕರೆದು ಕುರ್ಚಿ ಹಾಕಿದಳು.

"ಪ್ರೋಗ್ರಾಮ್ ಮತ್ತೆ ಶುರು ಮಾಡಿದ್ರಾ?" ನಿಂಗರಾಜ ಮೆಲ್ಲಗೆ ಕೇಳಿದ.

"ಇಲ್ಲಣ್ಣ. ಸಂಘದೋರು ಬೇರೆ ಯಾರ್ದೋ ತಗೊಂಡ್ರಂತೆ, ಇಂಗ್ಲಿಷಿಂದು. ಓಬವ್ವನೂ ಹೋಗ್ಬಿಟ್ಲು ಹೋದ ವಾರ. ಮತ್ತೆ ಯಾರನ್ನ ಕೇಳಿ ಬರೀಲಿ? ಟೈಪಿಂಗೇ ಸಾಕು ನಂಗೆ." ಹೇಳಿ ಸೀಮೆಸುಣ್ಣ ಕೈಗೆತ್ತಿಕೊಂಡಳು. ನಿಂಗರಾಜ ಬಾಯಿ ತೆರೆಯುವಷ್ಟರಲ್ಲಿ ಆಕೆಯೇ ಹುಡುಗಿಯರ ಕಡೆ ತಿರುಗಿದಳು.

"ನಾನ್ ಹೇಳ್ತಿದ್ನಲ್ಲ, ಇವ್ರೇ ನಿಂಗರಾಜಣ್ಣ. ಇವ್ರಿಗೆ ತಿಳೀದೇ ಇರೋದು ಏನೂ ಇಲ್ಲ." ಬೋರ್ಡಿನ ಮೇಲೆ ಬರೆದದ್ದನ್ನು ತೋರಿಸುತ್ತಾ ಹೇಳಿದಳು: "ನೀಲಿ ಪರದೆ ಬಂದು ಕೀ ಕೇಳ್ತು ಅಂದ್ರೆ ಒಳಗಿನ ಫೈಲು ಸತ್ತಾವೆ ಅಂತ ಲೆಕ್ಕ. ಕೀ ಹುಡುಕ್ತಾ ಕೂರಬಾರ್ದು, ದಾವಣಗೆರೆಗೆ ಅಲೀಬಾರ್ದು. ಫಾರ್ಮ್ಯಾಟ್ ಹೊಡೀಬೇಕು. ನನ್ ಹಂಗೆ ಆಸೆ ಇಟ್ಕೊಂಡ್ ಕೂತ್ರೆ ಸಂಕಟ ಜಾಸ್ತಿ. ಮೊನ್ನೆ ಇದೇ ಓಣಿಯ ಟೀಚರಮ್ಮಂದು ಹಿಂಗೇ ಆಗಿತ್ತು ಅಣ್ಣ, ನಾನೇ ಹೋಗಿ ಹೊಡೆದುಕೊಟ್ಟೆ. ಸರಿಯಾಗಿ ಹೇಳ್ಕೊಡ್ತಿದೀನಿ ಹೌದಲ್ಲ?"

ಹುಡುಗಿಯರೆಲ್ಲ ಅವನ ಮುಖ ನೋಡಿದರು. ಆ ಟೀಚರಮ್ಮನ ಲ್ಯಾಪ್‌ಟಾಪ್ ಶುರು ಮಾಡಿಕೊಟ್ಟದ್ದೂ ನಿಂಗರಾಜನೇ. ಅದರ ಬೀಗದಕೈ ಮೂರು ದಿನದಿಂದ ಅವನ ಹತ್ತಿರವಿತ್ತು. ಅನ್ನಪೂರ್ಣ ಸೀಮೆಸುಣ್ಣ ಹಿಡಿದು ಕಾಯುತ್ತಿದ್ದಳು, ಕಣ್ಣಿನಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ.

"ಹೌದು ರೀ" ಎಂದ ನಿಂಗರಾಜ. "ಸರಿಯಾಗೇ ಹೇಳೀರಿ."

ಹುಡುಗಿಯರು ತಲೆ ಬಗ್ಗಿಸಿ ಬರೆದುಕೊಂಡರು.