ಟವೆಲ್ಲಿನ ಕೆಳಗಿನ ಕೈ

ಹೊಳೆನರಸೀಪುರದ ಓದುಗರ ಬಳಗದವರು ಒಂದು ಕಾದಂಬರಿಯ ಸಂಕೇತಗಳನ್ನು ಬಿಡಿಸಿ ಹೇಳಿ ಎಂದು ಕರೆದಾಗ ನಾನು ಮೊದಲು ಹೆದರಿದ್ದು ಹೆಸರುಗಳಿಗೆ. ಅದರಲ್ಲಿ ಬರುವ, ಉತ್ತರ ಯೂರೋಪಿನ ಹಳೆಯ ನಾರ್ಸ್ ಪುರಾಣದ ದೇವರುಗಳ ಹೆಸರು ನನ್ನ ನಾಲಗೆಯ ಮೇಲೆ ಹೊರಳುವುದಿಲ್ಲ. ಹಾಸನದ ಕಾಲೇಜಿನಲ್ಲಿ ಇಷ್ಟು ವರ್ಷ ಪಾಠ ಹೇಳಿದವನು ಒಂದು ಹೆಸರಿಗೆ ತೊದಲಿದರೆ ಮರ್ಯಾದೆ ಏನಾದೀತು ಎಂದು ಎರಡು ದಿನ ಕಳವಳಪಟ್ಟೆ. ಕೊನೆಗೆ 'ಆ ದೇವರು', 'ಈ ದೇವರು' ಎಂದೇ ದಾಟಿಸಿಬಿಡುವುದೆಂದು ತೀರ್ಮಾನಿಸಿ, ಬಿ.ಪಿ. ಮಾತ್ರೆ ಜೇಬಿಗಿಟ್ಟುಕೊಂಡು, ಒಂದು ಬಸ್ಸು ಮುಂಚೆಯೇ ಹೊರಟೆ.

ಹೆದರಬೇಕಾದದ್ದು ಮೂರನೇ ಸಾಲಿನಲ್ಲಿ ಕೂತಿತ್ತು. ನನ್ನ ಹೆಂಡತಿಯ ತಮ್ಮ. ಹಳ್ಳಿಮೈಸೂರಿನ ಕಡೆಯ ರೈತ. ಲೈಬ್ರರಿಯಿಂದ ಕಾದಂಬರಿ ಒಯ್ದು ಓದುವ ಚಾಳಿ ಅವನಿಗೆ ಮೊದಲಿನಿಂದಲೂ ಇದೆ, ನಾನು ಮರೆತಿದ್ದೆ. ಆರು ವರ್ಷದಿಂದ ಅವನು ನನ್ನ ಜೊತೆ ಮಾತಾಡಿಲ್ಲ. ಗೌರಿ ಹಬ್ಬಕ್ಕೆ ಹೆಂಡತಿ ಒಬ್ಬಳೇ ತವರಿಗೆ ಹೋಗಿ ಬರುತ್ತಾಳೆ. ಬಂದ ಮೇಲೆ ಎರಡು ದಿನ ಅವಳೂ ಮಾತಾಡುವುದಿಲ್ಲ.

ಕಾದಂಬರಿಯ ಕಥೆ ಇಷ್ಟು. ಹಿಮ ಸುರಿಯುವ ಊರಿನಲ್ಲಿ ಒಬ್ಬ ನ್ಯಾಯಾಧೀಶ. ಅವನ ಬಲಗೈಗೆ ನೆರಳಿಲ್ಲ. ಎದುರಿಗೆ ಯಾರಾದರೂ ಸುಳ್ಳು ಸಾಕ್ಷಿ ಹೇಳಿದರೆ ಆ ಕೈಯ ಮೇಲೆ ಕಾಣದ ತೋಳವೊಂದರ ಬಿಸಿಯುಸಿರು ಬೀಳುತ್ತದೆ. ಇದರ ಬೇರು ಪುರಾಣದಲ್ಲಿದೆ. ದೇವರುಗಳು ಸಾಕಿದ ತೋಳ ಬೆಳೆದು ಬೆಳೆದು ಅವರಿಗೇ ಭಯವಾಯಿತು. ಕಟ್ಟಿದ ಸರಪಳಿಗಳೆಲ್ಲ ತುಂಡಾದವು. ಆಗ ರೇಷ್ಮೆಯಂಥ ಮಾಯದ ಪಟ್ಟಿ ತಂದು, ಆಟಕ್ಕೆ ಕಟ್ಟುತ್ತೇವೆ, ಆಮೇಲೆ ಬಿಚ್ಚುತ್ತೇವೆ ಎಂದರು. ನಂಬಿಕೆಗೆ ಒಬ್ಬರು ನನ್ನ ಬಾಯೊಳಗೆ ಕೈ ಇಡಿ ಎಂದಿತು ತೋಳ. ಒಬ್ಬ ದೇವರು ಇಟ್ಟ. ಅವರು ಬಿಚ್ಚಲಿಲ್ಲ. ಕೈ ಹೋಯಿತು.

ನಾನು ಸಲೀಸಾಗಿ ಬಿಡಿಸಿದೆ: ತೋಳವೆಂದರೆ ನಮ್ಮೊಳಗಿನ ಕ್ರೋಧ, ಪಟ್ಟಿಯೆಂದರೆ ಸಂಸ್ಕಾರ, ಕೈಯೆಂದರೆ ಲೋಕಕ್ಕಾಗಿ ಮಾಡಿದ ತ್ಯಾಗ. ನಿವೃತ್ತ ಮೇಷ್ಟರೊಬ್ಬರು ತಲೆಯಾಡಿಸಿದರು. ಅವರು ಫ್ಯಾನಿಗೂ ತಲೆಯಾಡಿಸುವವರೆಂದು ಆಮೇಲೆ ತಿಳಿಯಿತು.

ಬಾಮೈದ ಎದ್ದು ನಿಂತ.

"ಒಂದ್ ಡೌಟು ಸಾ."

ಆರು ವರ್ಷದ ಹಿಂದೆ ಅವನ ಬಾಯಲ್ಲಿ ನಾನು 'ಭಾವ'.

"ಕೇಳಿ" ಎಂದೆ. ನಾನೂ ಅವನನ್ನು ಬಹುವಚನಕ್ಕೆ ಏರಿಸಿದೆ.

"ಕೈ ಇಟ್ಟ ದೇವ್ರಿಗೆ ಮೊದ್ಲೇ ಗೊತ್ತಿತ್ತಾ, ಇವ್ರು ಬಿಚ್ಚಾಕಿಲ್ಲ ಅಂತ?"

"ಅದು... ಪುರಾಣವನ್ನ ಬೇರೆ ಬೇರೆ ಥರ ಹೇಳ್ತಾರೆ."

"ಪುರಾಣ ಬುಡಿ ಸಾ. ನೀವೇನಂತೀರಿ? ಗೊತ್ತಿದ್ದೂ ಇಟ್ಟಿದ್ರೆ ಅದು ತ್ಯಾಗ ಎಂಗಾಯ್ತದೆ? ಮೋಸದಲ್ಲಿ ಅವಂದೂ ಪಾಲಲ್ವಾ? ತೋಳ ನಂಬಿದ್ದು ಪಟ್ಟೀನಲ್ಲ, ಕೈನ."

ಬಳಗದ ಸಂಚಾಲಕರು ಖುಷಿಯಾಗಿ, "ಚರ್ಚೆ ಅಂದ್ರೆ ಹೀಗಿರಬೇಕು" ಎಂದರು. ಅವರಿಗೆ ನಮ್ಮ ಸಂಬಂಧ ತಿಳಿಯದು.

ಅವನು ಕೇಳುತ್ತಿದ್ದುದು ತೋಳದ ವಿಷಯವಲ್ಲ. ಆರು ವರ್ಷದ ಹಿಂದೆ ಹಿರೀಸಾವೆಯ ಹತ್ತಿರದ ನಮ್ಮೂರಿನಲ್ಲಿ ನನ್ನಣ್ಣ ಒಂದು ಜೋಡಿ ಎತ್ತು ಮಾರಲಿಟ್ಟಿದ್ದ. ಎಡಗಡೆಯದು ನೊಗ ಹೊರಿಸಿದರೆ ಮಲಗಿಬಿಡುತ್ತಿತ್ತು. ನಾನೇ ಕಣ್ಣಾರೆ ಕಂಡಿದ್ದೆ. ಕೊಳ್ಳಲು ಬಂದವನು ಬಾಮೈದ. ದಲ್ಲಾಳಿ ಎಂದಿನಂತೆ ಕೈಗಳ ಮೇಲೆ ಟವೆಲ್ ಮುಚ್ಚಿ, ಒಳಗೊಳಗೇ ಬೆರಳು ಹಿಡಿಸಿ ಬೆಲೆ ಕುದುರಿಸುತ್ತಿದ್ದ. ಬಾಮೈದ ನಕ್ಕು, "ರೇಟು ಆಮ್ಯಾಕೆ. ಎತ್ತಲ್ಲಿ ಏನೂ ಐಬಿಲ್ಲ ಅಂತ ಭಾವ ಕೈ ಕೊಟ್ಬುಡ್ಲಿ, ಸಾಕು" ಎಂದ. ಅಣ್ಣ ನನ್ನ ಮುಖ ನೋಡಿದ. ನಾನು ಟವೆಲ್ಲಿನೊಳಗೆ ಕೈ ತೂರಿಸಿ ಬಾಮೈದನ ಕೈ ಹಿಡಿದೆ. ಅಣ್ಣನ ಜೊತೆ ಜಗಳವಾದೀತೆಂಬ ಹೆದರಿಕೆ ನನಗೆ. ಎಲ್ಲದಕ್ಕೂ ಹೆದರುವವನಿಗೆ ಸುಳ್ಳಿಗೆ ಮಾತ್ರ ಹೆದರಲು ಪುರುಸೊತ್ತಾಗಲಿಲ್ಲ.

ನಾಲ್ಕನೇ ದಿನ ಆ ಎಡಗಡೆಯ ಎತ್ತು ಅವನ ಕೆಸರುಗದ್ದೆಯ ನಡುವೆ ಮಲಗಿತು. ಊರವರು ಬದುವಿನ ಮೇಲೆ ನಿಂತು ನಕ್ಕರು. ಅವನು ಅಣ್ಣನನ್ನು ಒಂದು ಮಾತೂ ಕೇಳಲಿಲ್ಲ. ನನ್ನ ಫೋನ್ ಎತ್ತುವುದನ್ನು ನಿಲ್ಲಿಸಿದ.

"ಗೊತ್ತಿತ್ತು" ಎಂದೆ, ಮೂರನೇ ಸಾಲಿನ ಕಡೆ ನೋಡದೆ. "ಕೈ ಇಟ್ಟವನಿಗೆ ಗೊತ್ತಿತ್ತು. ತ್ಯಾಗ ಅಂದದ್ದು ನನ್ನ ತಪ್ಪು."

ಸಂಚಾಲಕರು ಅದನ್ನು ಬರೆದುಕೊಂಡರು. ಬಾಮೈದ ಕೂತ.

ಸಭೆ ಮುಗಿದ ಮೇಲೆ ಹೊರಗೆ ಬೈಕ್ ತೆಗೆಯುತ್ತಿದ್ದವನ ಹತ್ತಿರ ಹೋದೆ. ಕ್ಷಮೆ ಕೇಳಬೇಕೆಂದುಕೊಂಡಿದ್ದೆ, ಬಾಯಿಗೆ ಬಂದದ್ದು ಬೇರೆ.

"ಆ ಎತ್ತು ಏನಾಯ್ತು?"

"ಐತೆ."

"ಮಾರಲಿಲ್ವಾ?"

"ನಿಜ ಏಳುದ್ರೆ ಕಟುಕ್ರು ಬಿಟ್ರೆ ಯಾರೂ ತಕ್ಕಳಾಕಿಲ್ಲ. ಸುಳ್ಳೇಳಕ್ಕೆ ನಾನೇನು ನಿಮ್ಮಷ್ಟು ಓದಿದೀನಾ? ಕೂರ್ಸಿ ಉಲ್ಲು ಆಕ್ತಾ ಇವ್ನಿ." ಕಿಕ್ಕರ್ ಒದ್ದ. "ನಿಮ್ಮ ಎತ್ತು. ನೋಡ್ಬೇಕು ಅನ್ಸುದ್ರೆ ಅತ್ತಿ."

ಹತ್ತಿದೆ. ದಾರಿಯಲ್ಲಿ ಅವನು ಒಂದು ಗುಂಡಿಯನ್ನೂ ತಪ್ಪಿಸಲಿಲ್ಲ.

ಕೊಟ್ಟಿಗೆಯಲ್ಲಿ ಎತ್ತು ಮಲಗಿತ್ತು, ಮೈತುಂಬ ಮಿರುಗುತ್ತ. ಅವನು ಒಂದು ಹಿಡಿ ಹಸಿಹುಲ್ಲು ನನ್ನ ಕೈಗೆ ತುರುಕಿ, "ತಿನ್ಸಿ" ಎಂದ. ಬಗ್ಗಿ ಚಾಚಿದೆ. ಒರಟು ನಾಲಗೆ ಹುಲ್ಲಿನ ಜೊತೆಗೆ ಮಣಿಕಟ್ಟನ್ನೂ ಸುತ್ತಿದ್ದೇ ತಡ, ಕೈ ಕಿತ್ತುಕೊಂಡೆ. ಹುಲ್ಲು ಚೆಲ್ಲಿತು.

"ಕಚ್ಚಾಕಿಲ್ಲ ಸಾ" ಎಂದ ಅವನು. "ಅದು ಎತ್ತು."

ಚೆಲ್ಲಿದ್ದನ್ನು ಆಯ್ದುಕೊಂಡು ಮತ್ತೆ ಚಾಚಿದೆ. ಹಿಡಿ ಖಾಲಿಯಾಗುವವರೆಗೂ ಅವನು ನನ್ನ ಕೈಯನ್ನೇ ನೋಡುತ್ತ ನಿಂತಿದ್ದ. ಆಮೇಲೆ ಇನ್ನೊಂದು ಹಿಡಿ ಕೊಟ್ಟ.