ಇಸ್ತ್ರಿಯಮ್ಮನ ಚಮಚ

ನಮ್ಮಮ್ಮನನ್ನು ಬೀದಿಯವರೆಲ್ಲ ಕರೆಯುವುದು ಇಸ್ತ್ರಿಯಮ್ಮ ಎಂದೇ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಒಂದು ಮೇಜು ಅವಳದು, ಇನ್ನೊಂದು ಮಗಳಾದ ನನ್ನದು. ಇಸ್ತ್ರಿ ಪೆಟ್ಟಿಗೆ ಕಾದಿದೆಯೇ ಎಂದು ನೋಡಲು ಬೆರಳಿಗೆ ಉಗುಳು ಸವರಿಕೊಂಡು ತಟ್ಟನೆ ಮುಟ್ಟುತ್ತಾಳೆ. ಹಾಗೆ ಮುಟ್ಟಿ ಮುಟ್ಟಿ ಬೆರಳುಗಳು ಜಡ್ಡುಗಟ್ಟಿವೆ, ಎರಡೂ ಕೈಗಳಲ್ಲಿ ಮಣಿಕಟ್ಟಿನಿಂದ ಮೇಲಕ್ಕೂ ಹಳೇ ಸುಟ್ಟಗಾಯಗಳ ಕಲೆ. ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆ ಹಿಡಿಯದೆ ಇಳಿಸುತ್ತಾಳೆ. ಅದೊಂದು ಸಾಹಸವೆಂದು ನಾವು ನೆಂಟರೆದುರು ಕೊಚ್ಚಿಕೊಳ್ಳುತ್ತಿದ್ದೆವು. ಎಷ್ಟು ದಡ್ಡರು ನೋಡಿ.

ಅಣ್ಣನ ಮಗಳು ಪುಟ್ಟಿಯನ್ನು ಎತ್ತಿ ಆಡಿಸಿದವಳೂ ಅಮ್ಮನೇ. ಅತ್ತಿಗೆ ಗಾರ್ಮೆಂಟ್ ಫ್ಯಾಕ್ಟರಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಗಂಜಿಯ ಒಂದೊಂದು ಚಮಚವನ್ನೂ ಅಮ್ಮ ಮೊದಲು ತನ್ನ ತುಟಿಗೆ ತಾಗಿಸಿ ನೋಡಿ, "ಸುಡಲ್ಲ ಕಣೇ ಬಂಗಾರ, ಆ ಅನ್ನು" ಎಂದು ಮಗುವಿನ ಬಾಯಿಗಿಡುತ್ತಿದ್ದಳು. ಅಷ್ಟು ಜೋಪಾನವಾಗಿ ಉಂಡ ಮಗುವಿನ ಮುಂದಿನ ಹಾಲುಹಲ್ಲುಗಳು ಕಂದುಬಣ್ಣಕ್ಕೆ ತಿರುಗಿ, ಮುರಿದು, ಬೇರಿನವರೆಗೂ ಹುಳುಕು ಹಿಡಿದವು.

ಹಲ್ಲು ಕೀಳಿಸಿದ ದಿನವನ್ನು ನಾನು ಮರೆಯಲಾರೆ. ಒಳಗಿನಿಂದ ಬರುತ್ತಿದ್ದ ಪುಟ್ಟಿಯ ಅಳು ಒಮ್ಮೆಲೇ ನಿಂತಿತು. ಪ್ರಜ್ಞೆ ತಪ್ಪಿಸುತ್ತಾರೆಂದು ಗೊತ್ತಿದ್ದರೂ ಜೀವ ಬಾಯಿಗೆ ಬಂತು. ತುಂಬು ಬಸುರಿ ಅತ್ತಿಗೆ ಬೆಂಚಿನ ಈ ತುದಿಯಲ್ಲಿ, ಅಮ್ಮ ಆ ತುದಿಯಲ್ಲಿ, ನಡುವೆ ನಾನು. ಎಲ್ಲ ಮುಗಿದ ಮೇಲೆ ಹಲ್ಲಿನ ಡಾಕ್ಟರಮ್ಮ ಹೊರಗೆ ಬಂದರು.

"ಹುಳುಕು ಮಾಡೋ ಕ್ರಿಮಿ ಮಗು ಹುಟ್ಟುವಾಗ ಬಾಯಲ್ಲಿ ಇರಲ್ಲ. ಮನೇಲಿರೋ ದೊಡ್ಡವರ ಎಂಜಲಿಂದ ಬರುತ್ತೆ. ಊಟ ಮಾಡಿಸುವಾಗ ಚಮಚಾನ ಯಾರಾದ್ರೂ ಬಾಯಿಗೆ ಇಟ್ಟು ನೋಡ್ತಿದ್ರಾ?"

ಆಗ ನಾವು ಅಮ್ಮನತ್ತ ನೋಡಬಾರದಿತ್ತು. ಎಲ್ಲರೂ ನೋಡಿದೆವು.

"ಅದೊಂದೇ ಅಲ್ಲ. ರಾತ್ರಿ ಬಾಟಲಿ ಹಾಲಿಗೆ ಸಕ್ಕರೆ ಹಾಕ್ತಿದ್ರಾ?"

ಹಾಕುತ್ತಿದ್ದವಳು ಅತ್ತಿಗೆ. ಆ ಪ್ರಶ್ನೆ ಮಾತ್ರ ಯಾರ ಕಿವಿಗೂ ಬೀಳಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅತ್ತಿಗೆ ಹೇಳಿದಳು: "ಅತ್ತೆ, ಬೇಜಾರು ಮಾಡ್ಕೋಬೇಡಿ. ಹುಟ್ಟೋ ಮಗುಗೆ ನೀವು ತಿನ್ಸೋದು ಬೇಡ. ಅದನ್ನ ಶಿಶುವಿಹಾರಕ್ಕೆ ಬಿಡ್ತೀನಿ."

ನನಗೆ ಪಿತ್ತ ನೆತ್ತಿಗೇರಿತು. ಬಾಟಲಿಯ ವಿಷಯ ಎತ್ತಲು ಬಾಯಿ ತೆರೆದೆ. ಅಮ್ಮ ನನ್ನ ತೋಳು ಹಿಡಿದು ಜಗ್ಗಿದಳು. ಆಮೇಲೆ ಮೇಜಿನ ಮುಂದೆ ನಿಂತು, ಆಗಲೇ ಇಸ್ತ್ರಿಯಾಗಿದ್ದ ಅಂಗಿಯನ್ನು ಮತ್ತೆ ಬಿಡಿಸಿ ಇಸ್ತ್ರಿ ಮಾಡತೊಡಗಿದಳು.

ಮರುದಿನ ನನ್ನನ್ನು ಕರೆದುಕೊಂಡು ಹಲ್ಲಿನ ಡಾಕ್ಟರಮ್ಮನ ಮುಂದೆ ಹೋಗಿ ಕೂತಳು. "ನನ್ನ ಬಾಯಿ ಕ್ಲೀನಾದ್ರೆ ಮೊಮ್ಮಗುಗೆ ತಿನ್ಸಬಹುದಾ?"

ಡಾಕ್ಟರಮ್ಮ ಅವಳ ಬಾಯಿ ತೆರೆಸಿ ನೋಡಿ ನಿಟ್ಟುಸಿರಿಟ್ಟರು. ಮೊದಲು ಹುಳುಕು ತುಂಬಿಸಬೇಕು, ಎರಡು ಹೊತ್ತೂ ಪೇಸ್ಟ್ ಹಾಕಿ ಉಜ್ಜಬೇಕು ಎಂದರು. ಆಮೇಲೆ ಒಂದು ಡಬ್ಬಿ ತೋರಿಸಿದರು. "ಇದು ಕ್ಸೈಲಿಟಾಲ್ ಗಮ್. ಸಕ್ಕರೆ ತರಾನೇ ಸಿಹಿ, ಆದ್ರೆ ಇದನ್ನ ತಿಂದು ಆಸಿಡ್ ಮಾಡೋಕೆ ಆ ಕ್ರಿಮಿಗೆ ಬರಲ್ಲ. ಅಗೀತಾ ಇದ್ರೆ ಜೊಲ್ಲು ಬರುತ್ತೆ, ಜೊಲ್ಲು ಬಾಯಿ ತೊಳೆಯುತ್ತೆ. ಊಟ ಆದ್ಮೇಲೆ ಅಗೀರಿ. ಕ್ರಿಮಿ ಕಮ್ಮಿ ಆಗಬಹುದು. ಗ್ಯಾರಂಟಿ ಮಾತ್ರ ಕೇಳ್ಬೇಡಿ. ಇನ್ನೊಂದು ಮಾತು, ಬಾಯಿ ಎಷ್ಟೇ ಕ್ಲೀನಿದ್ರೂ ಮಗು ಚಮಚ ನಿಮ್ಮ ತುಟಿಗೆ ತಾಗಬಾರದು. ಬಿಸಿ ಎಷ್ಟಿದೆ ಅಂತ ಮಣಿಕಟ್ಟಿನ ಮೇಲೆ ಒಂದು ಹನಿ ಹಾಕಿ ನೋಡಿ."

ಬೇಗ ಗುಣವಾಗಲೆಂದು ಅಮ್ಮ ಮೊದಲ ದಿನವೇ ಹಿಡಿಗಟ್ಟಲೆ ಅಗಿದಳು. ಸಂಜೆಯಿಂದ ಹೊಟ್ಟೆ ಗುಡುಗುಡು. ಒಂದು ಅಂಗಿಯ ಕಾಲರ್ ಮುಗಿಸಿ ತೋಳಿಗೆ ಬರುವಷ್ಟರಲ್ಲಿ ಹಿತ್ತಲಿಗೆ ಓಟ. ಜಾಸ್ತಿ ತಿಂದರೆ ಹಾಗೇ ಆಗುತ್ತದೆ, ಒಮ್ಮೆಗೆ ಒಂದೋ ಎರಡೋ ಸಾಕು ಎಂದು ಡಾಕ್ಟರಮ್ಮ ಫೋನಿನಲ್ಲಿ ನಕ್ಕರು. ಬಟ್ಟೆ ಕೊಡಲು ಬಂದವರು, "ಏನ್ ಇಸ್ತ್ರಿಯಮ್ಮ, ಮೆಲುಕು ಹಾಕ್ತಿದ್ದೀರಾ?" ಎಂದು ಕಾಲೆಳೆದರು. ನಗುವವರು ನಗಲಿ ಎಂದು ಅವಳು ಅಗಿಯುತ್ತಲೇ ಇದ್ದಳು. ಹುಳುಕು ತುಂಬಿಸುವಾಗ ಕುರ್ಚಿಯ ಕೈ ಹಿಡಿದು ಕಣ್ಣೀರು ಸುರಿಸಿದಳೇ ಹೊರತು ಒಂದು ಸಲವೂ ತಪ್ಪಿಸಿಕೊಳ್ಳಲಿಲ್ಲ. ಮಗು ಹುಟ್ಟಿ ಅಂಬೆಗಾಲಿಡುವ ಹೊತ್ತಿಗೆ ಅವಳ ಒಸಡಿನ ರಕ್ತ ನಿಂತಿತ್ತು, ಹೊಸ ಹುಳುಕು ಇರಲಿಲ್ಲ. ಡಾಕ್ಟರಮ್ಮ ಅದನ್ನು ಅತ್ತಿಗೆಯ ಎದುರೇ ಹೇಳಿದರು.

ಅತ್ತಿಗೆ ಫ್ಯಾಕ್ಟರಿಗೆ ಮರಳುವ ಹಿಂದಿನ ದಿನ. ಶಿಶುವಿಹಾರದಲ್ಲಿ ಜಾಗ ಗೊತ್ತುಮಾಡಿ ಆಗಿತ್ತು. ಮಧ್ಯಾಹ್ನ ಅವಳೇ ಗಂಜಿ ಬಟ್ಟಲು ತಂದು ಅಮ್ಮನ ಮುಂದಿಟ್ಟಳು.

"ಇವತ್ತು ನೀವು ತಿನ್ಸಿ ಅತ್ತೆ. ನಾನು ನೋಡ್ತೀನಿ."

ಅದು ಪರೀಕ್ಷೆಯೆಂದು ಎಲ್ಲರಿಗೂ ಗೊತ್ತು. ನಾನು ಪೆಟ್ಟಿಗೆ ಆರಿಸಿ ಬಾಗಿಲಲ್ಲಿ ನಿಂತೆ. ಅಮ್ಮ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಚಮಚದಿಂದ ಒಂದು ಹನಿಯನ್ನು ಮಣಿಕಟ್ಟಿನ ಮೇಲೆ ಬಿಟ್ಟಳು. ಸುಮ್ಮನೆ ನೋಡಿದಳು. ಇನ್ನೊಂದು ಹನಿ ಬಿಟ್ಟಳು. ಮಗು ಬಾಯಿ ತೆರೆದು ಚಮಚದತ್ತ ಕೈಚಾಚಿ ಕಿರುಚತೊಡಗಿತು. ಅಮ್ಮನ ಕೈ ತಾನಾಗಿ ಚಮಚವನ್ನು ತುಟಿಯ ಹತ್ತಿರಕ್ಕೆ ಎತ್ತಿತು.

ಬೇಡಮ್ಮ, ಬೇಡ ಎಂದು ನಾನು ಒಳಗೊಳಗೇ ಕೂಗಿದೆ.

ಚಮಚ ಅಲ್ಲೇ ನಿಂತಿತು. ಅಮ್ಮ ಅದನ್ನು ಬಟ್ಟಲಿಗೆ ಇಳಿಸಿ, ಬಟ್ಟಲನ್ನು ದೂರ ಸರಿಸಿದಳು. "ನನ್ನ ಕೈಗೆ ಬಿಸಿ ಗೊತ್ತಾಗಲ್ಲಮ್ಮ. ಗೊತ್ತಾಗೋದು ತುಟಿಗೆ ಮಾತ್ರ. ಸುಳ್ಳು ಹೇಳಿ ಹೇಗೆ ತಿನ್ಸಲಿ? ಶಿಶುವಿಹಾರಕ್ಕೇ ಬಿಡು."

ಅತ್ತಿಗೆ ಚಮಚ ತೆಗೆದು ತನ್ನ ಮಣಿಕಟ್ಟಿನ ಮೇಲೆ ಹನಿ ಬಿಟ್ಟುಕೊಂಡು ಹಾ ಎಂದು ಕೈ ಕೊಡವಿದಳು. ಚರ್ಮ ಕೆಂಪಗಾಯಿತು. ಅವಳು ಆ ಕೆಂಪನ್ನು ನೋಡಿದಳು, ಅಮ್ಮನ ಮಣಿಕಟ್ಟಿನ ಮೇಲೆ ಹಾಗೇ ಇದ್ದ ಎರಡು ಹನಿಗಳನ್ನು ನೋಡಿದಳು. ಅಮ್ಮ ಯಾಕೆ ತುಟಿಗೆ ತಾಗಿಸುತ್ತಿದ್ದಳೆಂದು ನಮ್ಮಿಬ್ಬರಿಗೂ ತಿಳಿದದ್ದು ಆಗಲೇ. ಅತ್ತಿಗೆ ಸೆರಗಿನಿಂದ ಆ ಹನಿಗಳನ್ನು ಒರೆಸಿದಳು. ಕಣ್ಣು ತುಂಬಿತ್ತು.

"ಬಾಟಲಿಗೆ ಸಕ್ಕರೆ ಹಾಕಿದ್ದು ನಾನು ಅತ್ತೆ. ಮಗು ನಿಮ್ಮ ಹತ್ರಾನೇ ಇರಲಿ. ಬಿಸಿ ನೋಡೋಕೆ ಇವಳ ಕೈ ಇದೆಯಲ್ಲ" ಎಂದು ನನ್ನ ಕಡೆ ತಿರುಗಿದಳು.

ಮಗುವಿಗೆ ಈಗ ಹಲ್ಲು ಮೂಡುತ್ತಿವೆ. ಮುಂದೆ ಹೇಗಿರುತ್ತವೋ ಯಾರು ಬಲ್ಲರು. ಅಮ್ಮ ಊಟವಾದ ಮೇಲೆ ಗಮ್ ಅಗಿಯುವುದನ್ನು ಬಿಟ್ಟಿಲ್ಲ. ಮಧ್ಯಾಹ್ನ ಬಟ್ಟಲು ಹಿಡಿದು ನನ್ನ ಮೇಜಿನ ಹತ್ತಿರ ಬರುತ್ತಾಳೆ, ನಾನು ಎಡಗೈ ಚಾಚುತ್ತೇನೆ. ಬಲಗೈಯಲ್ಲಿ ಆಗಲೇ ಕಲೆಗಳೆದ್ದಿವೆ, ಬೆರಳುಗಳು ಜಡ್ಡುಗಟ್ಟುತ್ತಿವೆ. ಎಡಗೈಯನ್ನು ಮಾತ್ರ ನಾನು ಪೆಟ್ಟಿಗೆಯ ಹತ್ತಿರಕ್ಕೂ ಒಯ್ಯುವುದಿಲ್ಲ.