ರಾಮವತಿ ಅಜ್ಜಿಯ ಮಣಿಕಟ್ಟು

ಸಾಸಿವೆ ಎಣ್ಣೆಯಲ್ಲಿ ಮೆಣಸಿನಪುಡಿ ಕಲಸಿದ ವಾಸನೆ ಬಂದರೆ ಇಂದಿಗೂ ನಾನು ಮೊದಲು ಮಕ್ಕಳ ಕೈಕಾಲು ನೋಡುತ್ತೇನೆ. 2005ರ ಮಾರ್ಚ್ ತಿಂಗಳು, ಭಾನುವಾರ, ಬೆಳಿಗ್ಗೆ ಏಳು ಗಂಟೆ. ಅಂಗಳದಲ್ಲಿದ್ದವರು ಮೂವರು: ಹತ್ತು ವರ್ಷದ ನಾನು, ಐದು ವರ್ಷದ ತಮ್ಮ ವಾಸು, ನಾವು ಬಾಡಿಗೆಗಿದ್ದ ಮನೆಯ ಒಡತಿ ರಾಮವತಿ ಅಜ್ಜಿ. ಅಮ್ಮ ಹೆರಿಗೆಗೆಂದು ಧಾರವಾಡಕ್ಕೆ ಹೋಗಿದ್ದಳು. ದಿಲ್ಲಿಯ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಒಳಗೆ ಗಡ್ಡ ಹೆರೆಯುತ್ತಿದ್ದರು. ಭಾನುವಾರವೂ ಅವರಿಗೆ ಏಳಕ್ಕೆ ಕ್ಷೌರ, ಏಳೂಕಾಲಿಗೆ ಸ್ನಾನ, ಏಳೂವರೆಗೆ ತಿಂಡಿ. ಗ್ರೇಟರ್ ನೋಯ್ಡಾದ ಅಂಚಿನ ಹಳ್ಳಿ ಅದು. ಸಗಣಿ ಸಾರಿಸಿದ ಅಂಗಳ, ಬೇವಿನ ನೆರಳಲ್ಲಿ ಎಮ್ಮೆ, ಒಲೆಯ ಬೂದಿಯಲ್ಲಿ ಬೇಯುವ ಆಲೂಗಡ್ಡೆ. ಇಂದು ಅಲ್ಲಿ ಇಪ್ಪತ್ತು ಮಹಡಿಯ ಕಟ್ಟಡಗಳಿವೆ. ಬೇವು ಎಲ್ಲಿತ್ತೆಂದು ಗುರುತು ಹಿಡಿಯಲಾರೆ.

ಬೀದಿನಾಯಿಯೊಂದು ಸದ್ದಿಲ್ಲದೆ ಬಂತು. ಜೊಲ್ಲು ಸುರಿಸುತ್ತ ವಾಸುವಿನ ಮೀನಖಂಡ ಹಿಡಿಯಿತು. ಅಜ್ಜಿ ಅದರ ಬಾಯಿಗೇ ಕೈ ಹಾಕಿ ಬಿಡಿಸಿದಳು. ಅಪ್ಪ ಮುಖದ ಸೋಪು ಒರೆಸಿಕೊಂಡು ಬರುವಷ್ಟರಲ್ಲಿ ನಾಯಿ ಹೋಗಿತ್ತು, ಅಜ್ಜಿ ಗಾಯಕ್ಕೆ ಎಣ್ಣೆ ಮೆಣಸು ಮೆತ್ತಿದ್ದಳು, ವಾಸು ಕಿರುಚುತ್ತಿದ್ದ. ಅಪ್ಪ ಯಾರನ್ನೂ ಬೈಯದೆ ಅವನ ಕಾಲಿಗೆ ಸೋಪು ಹಚ್ಚಿ, ಹ್ಯಾಂಡ್‌ಪಂಪಿನ ಕೆಳಗೆ ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ತೊಳೆದರು. ಆಗಲೇ ಅಜ್ಜಿ ಸೆರಗಿನ ಮರೆಯಲ್ಲಿ ತನ್ನ ಮಣಿಕಟ್ಟಿಗೂ ಮೆಣಸು ಒತ್ತಿಕೊಳ್ಳುವುದನ್ನು ಕಂಡೆ. ಎರಡು ಹಲ್ಲಿನ ಗುರುತು.

"ಕಿಸೀ ಸೇ ಮತ್ ಕೆಹನಾ, ಬಿಟಿಯಾ," ಎಂದಳು. ಯಾರಿಗೂ ಹೇಳಬೇಡ, ಮಗಳೇ ಎಂದು. ಅವಳ ಒಬ್ಬನೇ ಮಗ, ಜ್ವರವೆಂದು ಟ್ರ್ಯಾಕ್ಟರಿನಲ್ಲಿ ದಿಲ್ಲಿಯ ಆಸ್ಪತ್ರೆಗೆ ಒಯ್ಯುವಾಗ, ದಾರಿಯಲ್ಲೇ ತೀರಿಕೊಂಡಿದ್ದ. ದಿಲ್ಲಿಯ ಆಸ್ಪತ್ರೆ ಎಂದರೆ ಅವಳಿಗೆ ಅದೇ ದಾರಿ.

ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಬೀಗ ಹಾಕಿತ್ತು. ಪಕ್ಕದ ಮನೆಯ ಕಾಂಪೌಂಡರ್, ಬಾಗಿಲು ತೆರೆದರೂ ನಾಯಿ ಕಚ್ಚಿದ್ದಕ್ಕೆ ಹಾಕುವ ಸೂಜಿ ಇಲ್ಲ, ಅದು ಸರಬರಾಜಾಗಿ ತಿಂಗಳಾಯಿತು ಎಂದ. ವಾಸುವನ್ನು ಹಿಡಿದುಕೊಳ್ಳಲು ಅಪ್ಪ ನನ್ನನ್ನೂ ಕರೆದುಕೊಂಡರು. ಟೆಂಪೋ, ಬಸ್ಸು, ಮತ್ತೊಂದು ಬಸ್ಸು, ಆಮೇಲೆ ದಿಲ್ಲಿಯ ಆಸ್ಪತ್ರೆಯಲ್ಲಿ ಮೂರು ಗಂಟೆಯ ಸಾಲು. ಸೂಜಿ ಚುಚ್ಚಿದ ಡಾಕ್ಟರು ಮನೆಯಲ್ಲಿ ಇನ್ನಾರನ್ನಾದರೂ ಕಚ್ಚಿದೆಯೇ ಎಂದು ಕೇಳಿದರು. ಅಪ್ಪ ಇಲ್ಲವೆಂದರು. ನಾನು ನೆಲ ನೋಡಿದೆ. ಹುಚ್ಚುನಾಯಿ ರೋಗ ಕಾಣಿಸಿಕೊಂಡ ಮೇಲೆ ಔಷಧಿಯಿಲ್ಲ, ನೀರು ಕಂಡರೂ ಗಂಟಲು ಬಿಗಿಯುತ್ತದೆ ಎಂದು ಅವರು ಹೇಳುತ್ತಲೇ ಇದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಒಂದೇ ಯೋಚನೆ. ನಾವು ಹೋಗುವಷ್ಟರಲ್ಲಿ ಅಜ್ಜಿ ನೀರು ಕುಡಿಯುವುದನ್ನು ನಿಲ್ಲಿಸಿಬಿಟ್ಟಿದ್ದರೆ?

ಸಂಜೆ ಅಜ್ಜಿ ಬಾಗಿಲಲ್ಲೇ ಕಾದಿದ್ದಳು. ಅಪ್ಪ ಗೋಡೆಯ ಕ್ಯಾಲೆಂಡರಿನಲ್ಲಿ ವಾಸುವಿನ ಉಳಿದ ನಾಲ್ಕು ಸೂಜಿಗಳ ದಿನ ಗುರುತು ಹಾಕಿ, ಪೆನ್ಸಿಲನ್ನು ಡಬ್ಬಿಯಲ್ಲಿಡು ಎಂದು ನನಗೆ ಕೊಟ್ಟರು. ನಾನು ಇಡಲಿಲ್ಲ. ಸ್ಟೂಲು ಹತ್ತಿ ಮರುದಿನದ ತಾರೀಕಿನ ಮೇಲೆ 'ಅಜ್ಜಿ' ಎಂದು ಬರೆದೆ.

ಅಪ್ಪ ಅದನ್ನೇ ನೋಡಿದರು. "ಎಲ್ಲಿ ಕಚ್ಚಿದೆ?"

"ಕೈಗೆ."

ಅವರು ಅಂಗಳಕ್ಕೆ ಹೋಗಿ, "ಅಮ್ಮಾಜಿ, ಬೆಳಿಗ್ಗೆ ಆರಕ್ಕೆ ಹೊರಡೋಣ, ನಾನು ಜೊತೆಗಿರ್ತೀನಿ," ಎಂದು ಹಿಂದಿಯಲ್ಲಿ ಹೇಳಿದರು. ಎಮ್ಮೆ ಕರೆಯುವವರು ಯಾರು ಎಂದು ಅಜ್ಜಿ ಕೇಳಿದಳು. ನಾನೇ ಕರೆಯುತ್ತೇನೆ ಎಂದರು, ಜನ್ಮದಲ್ಲಿ ಎಮ್ಮೆ ಮುಟ್ಟದ ಅಪ್ಪ. ಅಜ್ಜಿ ನಗಲಿಲ್ಲ. ನನ್ನ ಕಡೆ ಒಮ್ಮೆ ನೋಡಿದಳು. ಐದು ಸಲವೂ ಅಪ್ಪನ ಹಿಂದೆ ಬಸ್ಸು ಹತ್ತಿದಳು; ಬದುಕಿದಳು. ಆದರೆ ನಾವು ದಿಲ್ಲಿಯ ರೋಹಿಣಿಗೆ ಮನೆ ಬದಲಿಸುವವರೆಗೂ ನನ್ನನ್ನು ಮತ್ತೆ ಬಿಟಿಯಾ ಎನ್ನಲಿಲ್ಲ.

ಆ ಸಂಜೆ ನಾನು ಒಳಗೆ ಬಂದು, ಬೆರಳು ಮಡಿಸಿ ದಿನ ಎಣಿಸಿ, ಅಜ್ಜಿಯ ಉಳಿದ ನಾಲ್ಕು ಸೂಜಿಗಳ ತಾರೀಕುಗಳ ಮೇಲೂ ಅವಳ ಹೆಸರು ಬರೆದೆ. ಪೆನ್ಸಿಲನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದೆ.